ಹಳೆಯ ಸರ್ವರ್: ಬಿಸಾಡುವ ಮುನ್ನ ಮುಚ್ಚಳ ತೆರೆಯೋಣ

ಮಲೆನಾಡಿನ ಹಳೆಯ ಮನೆಯೊಂದರಲ್ಲಿ ತೊಲೆಗೆ ಗೆದ್ದಲು ಹಿಡಿದರೆ ಯಾರೂ ಮನೆಯನ್ನು ಕೆಡವುವುದಿಲ್ಲ. ಆ ತೊಲೆಯನ್ನಷ್ಟೇ ಬದಲಿಸುತ್ತಾರೆ. ಹೆಂಚು ಒಡೆದರೆ ಹೆಂಚು ಹೊದಿಸುತ್ತಾರೆ, ನೇಗಿಲ ಗುಳ ಸವೆದರೆ ಕಮ್ಮಾರನಲ್ಲಿಗೆ ಒಯ್ಯುತ್ತಾರೆ. ಸೋತ ಭಾಗ ಯಾವುದೆಂದು ಕಂಡುಹಿಡಿದು ಅದನ್ನೇ ಸರಿಪಡಿಸುವ ಈ ವಿವೇಕ ನಮ್ಮ ಹಿರಿಯರಿಗೆ ಸಹಜವಾಗಿತ್ತು. ಗಣಕಯಂತ್ರದ ಮುಂದೆ ಮಾತ್ರ ಅದೇಕೋ ಮಂಕಾಗಿಬಿಡುತ್ತದೆ. ಯಂತ್ರ ನಿಧಾನವಾಯಿತೆಂದರೆ ಸಾಕು, ಶಾಲೆ, ಸಹಕಾರ ಸಂಘ, ಪಂಚಾಯಿತಿ, ಕಾಲೇಜುಗಳೆಲ್ಲ "ಹಳೆಯದಾಯಿತು, ಹೊಸತು ತರೋಣ" ಎಂಬ ತೀರ್ಮಾನಕ್ಕೆ ಒಂದೇ ಜಿಗಿತದಲ್ಲಿ ಬಂದುಬಿಡುತ್ತವೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವ ಚಿಕಿತ್ಸೆ ಇದು.

ನಮ್ಮ ಒಕ್ಕೂಟದ ಮುಂದೆಯೂ ಈಗ ಇದೇ ಪ್ರಶ್ನೆ ಇದೆ. ಕಚೇರಿಯಲ್ಲಿರುವ ಸರ್ವರ್ 2010ರ ತಲೆಮಾರಿನದು. ಶಿಕ್ಷಣ ಸಂಸ್ಥೆಯೊಂದು ಹೊಸ ಯಂತ್ರ ಕೊಂಡಾಗ ಇದನ್ನು ನಮಗೆ ದಾನವಾಗಿ ಕೊಟ್ಟಿತ್ತು. ರೈತರು ತಮ್ಮ ಅಂಗಳದ ಮಳೆಮಾಪಕ ನೋಡಿ ದಿನವೂ ಬರೆದ ಮಳೆಯ ಲೆಕ್ಕ, ಅಡಿಕೆ ತೋಟಗಳ ಎಲೆಚುಕ್ಕಿ ರೋಗದ ಛಾಯಾಚಿತ್ರಗಳು, ನಾಟಿ ಭತ್ತದ ತಳಿಗಳ ವಿವರ, ಊರುಗಳ ಕಾನು ಮತ್ತು ಕೆರೆಗಳ ನಕ್ಷೆಗಳು ಎಲ್ಲವೂ ಅದರಲ್ಲಿವೆ. ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡುವ ಕೆಲಸ ಆರಂಭವಾದ ಮೇಲೆ ಅದು ಏದುಸಿರು ಬಿಡತೊಡಗಿದೆ. ಹೊಸ ಯಂತ್ರ ಕೊಳ್ಳಬೇಕೆಂಬುದು ಒಂದು ಸಲಹೆ. ಎಲ್ಲವನ್ನೂ ಬಾಡಿಗೆಯ ಕ್ಲೌಡ್‌ಗೆ ಸಾಗಿಸಬೇಕೆಂಬುದು ಇನ್ನೊಂದು. ಇರುವ ಯಂತ್ರದ ಮೆಮೊರಿಯನ್ನು ಹೆಚ್ಚಿಸಬೇಕೆಂಬುದು ನನ್ನ ಅಭಿಪ್ರಾಯ. ಅದರ ಕಾರಣಗಳನ್ನೂ ಮಿತಿಗಳನ್ನೂ ಸಭೆಗೆ ಮೊದಲೇ ಓದುಗರ ಮುಂದಿಡುತ್ತಿದ್ದೇನೆ. ಇದೇ ಸಮಸ್ಯೆ ನಿಮ್ಮೂರಿನ ಶಾಲೆ, ಸೊಸೈಟಿಗಳಲ್ಲಿಯೂ ಇರಬಹುದು.

ಕೊರತೆ ಎಲ್ಲಿದೆ?

ಗಣಕಯಂತ್ರದಲ್ಲಿ ಮಾಹಿತಿ ಎರಡು ಕಡೆ ಇರುತ್ತದೆ. ಡಿಸ್ಕ್ ಎಂಬುದು ನಮ್ಮ ಅಟ್ಟದಂತೆ. ಮೂಟೆಗಳು ಅಲ್ಲಿ ವರ್ಷಗಟ್ಟಲೆ ಇರುತ್ತವೆ, ವಿದ್ಯುತ್ ಹೋದರೂ ಕೆಡುವುದಿಲ್ಲ. ಮೆಮೊರಿ ಎಂಬುದು ಅಂಗಳದಂತೆ. ಮೂಟೆ ಬಿಚ್ಚಿ ಅಡಿಕೆ ಹರವಿ ಆರಿಸುವ ಕೆಲಸ ನಡೆಯುವುದು ಅಲ್ಲಿ. ಆರಿಸುವವರು ಎಷ್ಟೇ ಚುರುಕಾಗಿದ್ದರೂ ಅಂಗಳ ಚಿಕ್ಕದಾದರೆ ಅರ್ಧ ಅಡಿಕೆಯನ್ನು ಮತ್ತೆ ಅಟ್ಟಕ್ಕೇರಿಸಿ ಇನ್ನರ್ಧವನ್ನು ಇಳಿಸಬೇಕಾಗುತ್ತದೆ. ದಿನವೆಲ್ಲ ಹತ್ತಿಳಿಯುವುದರಲ್ಲೇ ಕಳೆಯುತ್ತದೆ. ಮೆಮೊರಿ ಸಾಲದಾದಾಗ ಯಂತ್ರ ಮಾಡುವುದೂ ಇದನ್ನೇ. ಇದಕ್ಕೆ ಸ್ವಾಪ್ ಎಂದು ಹೆಸರು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಮೆಮೊರಿಗಿಂತ ಸಾವಿರಾರು ಪಟ್ಟು ನಿಧಾನವಾದ್ದರಿಂದ ಒಳ್ಳೆಯ ಯಂತ್ರವೂ ಮುದಿಯೆತ್ತಿನಂತೆ ಕಾಣಿಸುತ್ತದೆ.

ನಮ್ಮ ಕೆಲಸದ ಲೆಕ್ಕವನ್ನೇ ನೋಡೋಣ. 2015ರಲ್ಲಿ ಕಕ್ಷೆಗೇರಿದ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಸರಣಿಯ ಚಿತ್ರಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಒಂದು ಚಿತ್ರ ಸುಮಾರು 110 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ನೆಲವನ್ನು ಆವರಿಸುತ್ತದೆ. ಹತ್ತು ಮೀಟರಿಗೊಂದರಂತೆ ಅದರಲ್ಲಿ 10,980 ಸಾಲು, ಒಂದೊಂದು ಸಾಲಿಗೂ 10,980 ಚುಕ್ಕಿ; ಒಟ್ಟು 12 ಕೋಟಿಗೂ ಹೆಚ್ಚು. ಇಂಥ ನಾಲ್ಕು ಪದರಗಳು: ನೀಲಿ, ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಸಮೀಪ ಅವಕೆಂಪು. ಆರ್ ಎಂಬ ಸಂಖ್ಯಾಶಾಸ್ತ್ರೀಯ ತಂತ್ರಾಂಶದಲ್ಲಿ ಲೆಕ್ಕ ಹಾಕುವಾಗ ದಶಮಾಂಶ ಸಂಖ್ಯೆಯೊಂದಕ್ಕೆ 8 ಬೈಟ್ ಸ್ಥಳ ಬೇಕು. ನಾಲ್ಕು ಪದರಗಳಿಗೆ ಸುಮಾರು 386 ಕೋಟಿ ಬೈಟ್. ಕಾಡು ಎಲ್ಲಿ ತೆಳುವಾಯಿತೆಂದು ತಿಳಿಯಲು ಎರಡು ವರ್ಷಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟರೆ 7 ಜಿಬಿ ದಾಟಿತು. ನಮ್ಮ ಸರ್ವರ್‌ನಲ್ಲಿರುವ ಮೆಮೊರಿ 8 ಜಿಬಿ! ಉತ್ತರವನ್ನು ಬರೆದಿಡಲೂ ಅಂಗಳದಲ್ಲಿ ಜಾಗವಿಲ್ಲ. ಚಿತ್ರವನ್ನು ತುಂಡುತುಂಡಾಗಿ ಕತ್ತರಿಸಿ ಲೆಕ್ಕ ಹಾಕಬಹುದು, ಈಗ ಹಾಗೆಯೇ ಮಾಡುತ್ತಿದ್ದೇವೆ. ಆದರೆ ಒಂದು ಪ್ರಶ್ನೆಗೆ ಒಂದು ರಾತ್ರಿ ಹಿಡಿದರೆ ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ನಿಜವಾದ ನಷ್ಟ ಅದು.

ನಾಡಿ ನೋಡದೆ ಮದ್ದು ಕೊಡಬಾರದು. ಲಿನಕ್ಸ್ ಯಂತ್ರದಲ್ಲಿ "ಫ್ರೀ" ಎಂಬ ಆದೇಶ ಮೆಮೊರಿಯ ಲೆಕ್ಕ ಕೊಡುತ್ತದೆ. ಅಲ್ಲಿ "ಫ್ರೀ" ಕಾಲಂನ ಸಂಖ್ಯೆ ಚಿಕ್ಕದಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಸುಮ್ಮನೆ ಬಿದ್ದಿರುವ ಮೆಮೊರಿಯನ್ನು ಲಿನಕ್ಸ್ ಡಿಸ್ಕಿನ ಕಡತಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. "ಅವೈಲೆಬಲ್" ಎಂಬ ಕಾಲಂ ನೋಡಬೇಕು. "ವಿಎಂಸ್ಟ್ಯಾಟ್" ಎಂಬ ಇನ್ನೊಂದು ಆದೇಶ ಸ್ವಾಪ್‌ನ ಏರಿಳಿತವನ್ನು "ಎಸ್‌ಐ", "ಎಸ್‌ಒ" ಎಂಬ ಎರಡು ಕಾಲಂಗಳಲ್ಲಿ ತೋರಿಸುತ್ತದೆ. ಕೆಲಸದ ವೇಳೆಯಲ್ಲಿ ಇವು ಸತತವಾಗಿ ಸೊನ್ನೆಗಿಂತ ಮೇಲಿದ್ದರೆ ಮೆಮೊರಿ ಸಾಲದೆಂದೇ ಅರ್ಥ. ಇವು ಸೊನ್ನೆಯಲ್ಲಿದ್ದೂ ಯಂತ್ರ ನಿಧಾನವಾಗಿದ್ದರೆ ದೋಷ ಬೇರೆಡೆ ಇದೆ: ಸಾಯುತ್ತಿರುವ ಡಿಸ್ಕ್ ಇರಬಹುದು, ಫ್ಯಾನ್‌ಗೆ ಧೂಳು ಕಟ್ಟಿ ಬಿಸಿಯೇರಿ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಂಡಿರಬಹುದು. ಆಗ ಮೆಮೊರಿಗೆ ಸುರಿದ ಹಣ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಯಾವ ಮೆಮೊರಿ, ಎಷ್ಟು, ಎಲ್ಲಿ?

ಸರ್ವರ್‌ನ ಮೆಮೊರಿ ಮನೆಯ ಕಂಪ್ಯೂಟರಿನದಕ್ಕಿಂತ ಭಿನ್ನ. ಸಾಮಾನ್ಯ ಸ್ಟಿಕ್ ಒಂದು ಸಲಕ್ಕೆ 64 ಬಿಟ್ ಮಾಹಿತಿ ಒಯ್ದರೆ ಸರ್ವರ್‌ನ ಇಸಿಸಿ ಸ್ಟಿಕ್ 72 ಬಿಟ್ ಒಯ್ಯುತ್ತದೆ. ಹೆಚ್ಚುವರಿ ಎಂಟು ಬಿಟ್‌ಗಳು ಕಾವಲುಗಾರರು. ಒಂದು ಬಿಟ್ ತಪ್ಪಿದರೆ ತಿದ್ದುತ್ತವೆ, ಎರಡು ತಪ್ಪಿದರೆ ಎಚ್ಚರಿಸುತ್ತವೆ. ಇದು ಅತಿ ಎಚ್ಚರಿಕೆಯೆಂದು ಭಾವಿಸಬಾರದು. ಗೂಗಲ್ ಸಂಸ್ಥೆಯ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ಯಂತ್ರಗಳಲ್ಲಿ ವರ್ಷಕ್ಕೆ ಒಮ್ಮೆಯಾದರೂ ತಿದ್ದಬಹುದಾದ ಮೆಮೊರಿ ತಪ್ಪು ಕಂಡುಬಂದಿತ್ತು. ಮಳೆಯ ಲೆಕ್ಕದಲ್ಲಿ 12 ಮಿಲಿಮೀಟರ್ ಸದ್ದಿಲ್ಲದೆ 76 ಆಗಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ವಿಜ್ಞಾನದ ಕೆಲಸಕ್ಕೆ ಹಳೆಯ ಸರ್ವರ್ ಹೊಸ ಅಗ್ಗದ ಡೆಸ್ಕ್‌ಟಾಪ್‌ಗಿಂತ ಮೇಲೆನ್ನಲು ಇದೊಂದು ಕಾರಣ.

ನಮ್ಮ ಯಂತ್ರದಲ್ಲಿರುವುದು ಇಂಟೆಲ್ ಕ್ಸಿಯಾನ್ 5600 ಸರಣಿಯ ಎರಡು ಪ್ರೊಸೆಸರ್‌ಗಳು, 12 ಮೆಮೊರಿ ಸ್ಲಾಟ್‌ಗಳು. ಈ ಸರಣಿಯಲ್ಲಿ ಒಂದೊಂದು ಪ್ರೊಸೆಸರ್‌ಗೂ ತನ್ನದೇ ಮೂರು ಮೆಮೊರಿ ಚಾನೆಲ್‌ಗಳಿವೆ. ತೋಟಕ್ಕೆ ನೀರು ಹರಿಸುವ ಮೂರು ಕಾಲುವೆಗಳೆನ್ನಿ. ಎಲ್ಲ ನೀರನ್ನೂ ಒಂದೇ ಕಾಲುವೆಗೆ ಬಿಟ್ಟರೆ ವೇಗ ಸಿಗದು. ಆದ್ದರಿಂದ ಸ್ಟಿಕ್‌ಗಳನ್ನು ಮೂರರ ಲೆಕ್ಕದಲ್ಲಿ, ಎರಡೂ ಪ್ರೊಸೆಸರ್‌ಗಳಿಗೆ ಸಮನಾಗಿ ಹಂಚಬೇಕು. 8 ಜಿಬಿಯ ಆರು ಸ್ಟಿಕ್ ಹಾಕಿದರೆ ಚಾನೆಲ್‌ಗೊಂದರಂತೆ 48 ಜಿಬಿ ಆಗುತ್ತದೆ. ಇದು ಈಗಿನದರ ಆರು ಪಟ್ಟು, ಮತ್ತೆ ಆರು ಸ್ಲಾಟ್ ಖಾಲಿ ಉಳಿಯುತ್ತದೆ. ಎರಡನೆಯ ಪ್ರೊಸೆಸರ್ ಇಲ್ಲದ ಯಂತ್ರದಲ್ಲಿ ಅದರ ಪಾಲಿನ ಸ್ಲಾಟ್‌ಗಳು ಕೆಲಸ ಮಾಡುವುದಿಲ್ಲವೆಂಬುದನ್ನು ನೆನಪಿಡಬೇಕು. 2012ರಲ್ಲಿ ಬಂದ ಕ್ಸಿಯಾನ್ ಇ5 ಸರಣಿಯಲ್ಲಿ ಚಾನೆಲ್‌ಗಳು ನಾಲ್ಕು. ಅಲ್ಲಿ ನಾಲ್ಕರ ಲೆಕ್ಕ.

ಕೊಳ್ಳುವಾಗ ನೋಡಬೇಕಾದುದು ಇಷ್ಟು. ಪೀಳಿಗೆ ಹೊಂದಬೇಕು: ಡಿಡಿಆರ್3ರ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ, ಮೊದಲಿನದಕ್ಕೆ 240 ಪಿನ್, ಎರಡನೆಯದಕ್ಕೆ 288. ಸರ್ವರ್‌ಗಳ "ರಿಜಿಸ್ಟರ್ಡ್" ಸ್ಟಿಕ್‌ಗಳನ್ನು ಬಫರ್ ಇಲ್ಲದವುಗಳೊಂದಿಗೆ ಬೆರೆಸಬಾರದು. ಬೆರೆಸಿದರೆ ಯಂತ್ರ ಏಳುವುದೇ ಇಲ್ಲ. ಡಿಡಿಆರ್3ರಲ್ಲಿ 1.5 ವೋಲ್ಟಿನವೂ 1.35 ವೋಲ್ಟಿನವೂ ಇವೆ. ಯಂತ್ರ ಒಪ್ಪುವುದಾದರೆ ಕಡಿಮೆ ವೋಲ್ಟಿನದೇ ಲೇಸು. "ಡಿಎಂಐಡಿಕೋಡ್" ಎಂಬ ಆದೇಶ ಯಾವ ಸ್ಲಾಟ್‌ನಲ್ಲಿ ಏನಿದೆ ಎಂಬುದನ್ನು ಮುಚ್ಚಳ ತೆರೆಯದೆಯೇ ಹೇಳುತ್ತದೆ. ಮುಚ್ಚಳದ ಒಳಬದಿಯಲ್ಲಿ ಸ್ಲಾಟ್‌ಗಳ ನಕ್ಷೆ ಅಂಟಿಸಿರುವುದೂ ಉಂಟು.

2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ಜಿಗಿಯಿತು. ಡಿರ್‍ಯಾಮ್ ಚಿಪ್ಪುಗಳ ತಯಾರಿಕೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳ ಕೈಯಲ್ಲಿರುವಾಗ ಹೊಸ ಯಂತ್ರ ಕೊಳ್ಳುವ ಬಡ ಸಂಸ್ಥೆ ಆ ಬೆಲೆ ತೆರದೆ ಗತಿಯಿಲ್ಲ. ಹಳೆಯ ರಿಜಿಸ್ಟರ್ಡ್ ಸ್ಟಿಕ್‌ಗಳಾದರೋ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಹೊಂದುವುದಿಲ್ಲ. ದೊಡ್ಡ ಕಂಪನಿಗಳು ಸರ್ವರ್ ಬದಲಿಸಿದಾಗ ಹೊರಬಿದ್ದ ಇಂಥವು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಮಾರುಕಟ್ಟೆಗಳ ಹಳೆ ಸಾಮಾನಿನ ಅಂಗಡಿಗಳಲ್ಲಿ ಗಿರಾಕಿಗಾಗಿ ಕಾಯುತ್ತಿರುತ್ತವೆ. ಪರೀಕ್ಷಿಸಿ ಕೊಟ್ಟದ್ದನ್ನು, ಕೆಟ್ಟರೆ ಬದಲಿಸುವ ಮಾತಿನೊಂದಿಗೆ ಕೊಳ್ಳಬೇಕು.

ಜೋಡಿಸುವ ಕೆಲಸ ವಿದ್ಯಾರ್ಥಿಗಳೇ ಮಾಡಬಲ್ಲರು. ಮೊದಲು ಮಾಹಿತಿಯ ಇನ್ನೊಂದು ಪ್ರತಿ ತೆಗೆದಿಡಬೇಕು. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಗಳನ್ನು ಕಿತ್ತು, ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನೊಮ್ಮೆ ಒತ್ತಬೇಕು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಚಿಪ್ಪನ್ನು ಕೊಲ್ಲಬಲ್ಲುದು. ನಮ್ಮ ಆಷಾಢದ ತೇವದಲ್ಲಿ ಆ ಭಯ ಕಡಿಮೆ, ಮಾಘದ ಒಣಹವೆಯಲ್ಲಿ ಹೆಚ್ಚು. ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿಕೊಂಡೇ ಕೆಲಸ ಮಾಡಬೇಕು, ಮಣಿಕಟ್ಟಿಗೆ ಕಟ್ಟುವ ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು. ತೇವದಿಂದ ಮಸುಕಾದ ಸ್ಟಿಕ್ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಇದೆ. ತೆಳುವಾದ ಚಿನ್ನದ ಲೇಪ ಅದರಿಂದ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸುವುದು ಉತ್ತಮ. ಸ್ಟಿಕ್‌ನ ಕಚ್ಚು ಸ್ಲಾಟ್‌ನ ಉಬ್ಬಿಗೆ ಹೊಂದಿದ ಮೇಲೆ ಎರಡೂ ತುದಿಗಳನ್ನು ಸಮನಾಗಿ ಒತ್ತಿದರೆ ಕೊಂಡಿಗಳು "ಟಕ್" ಎಂದು ಕೂರುತ್ತವೆ. ಬಳಿಕ ಮೆಮ್‌ಟೆಸ್ಟ್86 ಪ್ಲಸ್ ಎಂಬ ಮುಕ್ತ ತಂತ್ರಾಂಶದಿಂದ ಒಂದು ಇಡೀ ಸುತ್ತು ಪರೀಕ್ಷಿಸದೆ ಕೆಲಸಕ್ಕೆ ಹಚ್ಚಬಾರದು. ಒಂದೇ ಒಂದು ತಪ್ಪು ಕಂಡರೂ ಆ ಸ್ಟಿಕ್ ಹಿಂದಕ್ಕೆ ಹೋಗಬೇಕು.

ಈಗಾಗಲೇ ತೆತ್ತ ಬೆಲೆ

ಇಷ್ಟೆಲ್ಲ ತಾಂತ್ರಿಕ ವಿವರ ಪರಿಸರ ಪತ್ರಿಕೆಗೆ ಏಕೆಂದು ಕೇಳಬಹುದು. ಟೋಕಿಯೋದ ವಿಶ್ವಸಂಸ್ಥೆಯ ವಿಶ್ವವಿದ್ಯಾನಿಲಯದ ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೇವಲ 2 ಗ್ರಾಂ ತೂಗುವ, 32 ಎಂಬಿಯ ಒಂದು ಮೆಮೊರಿ ಚಿಪ್ಪಿನ ತಯಾರಿಕೆ ಮತ್ತು ಬಳಕೆಗೆ 1,600 ಗ್ರಾಂ ಇಂಧನ, 72 ಗ್ರಾಂ ರಾಸಾಯನಿಕಗಳು ಖರ್ಚಾಗುತ್ತವೆಂದು ಅವರು ಲೆಕ್ಕ ಹಾಕಿದರು. ತಯಾರಿಕೆಗೆ ಬೇಕಾದ ನೀರು 32 ಕಿಲೋಗ್ರಾಂ. ಅದು ಆ ಕಾಲದ ಚಿಪ್ಪಿನ ಲೆಕ್ಕ. ಇಂದಿನ ಚಿಪ್ಪಿಗೆ ಅಂಕಿಗಳು ಬೇರೆಯಾಗುತ್ತವೆ. ಆದರೆ ತತ್ವ ಬದಲಾಗಿಲ್ಲ: ಅಂಗೈಯಲ್ಲಿ ಹಗುರವಾಗಿರುವ ವಸ್ತು ಭೂಮಿಯ ಮೇಲೆ ಹಗುರವಾಗಿರುವುದಿಲ್ಲ. ಬಳಸಿದ ಸ್ಟಿಕ್ ಒಂದನ್ನು ನಾವು ಮತ್ತೆ ಬಳಸಿದರೆ ಭೂಮಿ ಅದಕ್ಕಾಗಿ ಈಗಾಗಲೇ ತೆತ್ತ ಬೆಲೆ ವ್ಯರ್ಥವಾಗುವುದಿಲ್ಲ. ಹೊಸತು ಕೊಂಡರೆ ಮತ್ತೊಮ್ಮೆ ತೆರಬೇಕು.

ಇನ್ನೊಂದು ತುದಿಯಲ್ಲಿ ತ್ಯಾಜ್ಯ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇಲೆಕ್ಟ್ರಾನಿಕ್ ತ್ಯಾಜ್ಯ ಸೃಷ್ಟಿಸಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಸಂಸ್ಕರಿಸಿದ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದರ ಒಂದು ಪಾಲು ಗುಜರಿಯವರ ಮೂಲಕ ತಾಮ್ರಕ್ಕಾಗಿ ಸುಡುವ, ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುವ ಹಿತ್ತಲುಗಳಿಗೆ ಸೇರುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನ ವಿಷ, ಹಳೆಯ ಬೆಸುಗೆಯ ಸೀಸ ಯಾರದೋ ಬಾವಿಗೆ ಇಳಿಯುತ್ತವೆ. ಬೆಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ: ನಾವು ಚೆಲ್ಲಿದ್ದು ಕೆಳಗಿನವರ ಕೊಡಕ್ಕೆ ಹೋಗುತ್ತದೆ.

ವಿದ್ಯುತ್ತಿನ ಲೆಕ್ಕ

ಹಳೆಯದನ್ನು ಉಳಿಸುವ ಉತ್ಸಾಹದಲ್ಲಿ ಒಂದು ಗಂಭೀರ ಆಕ್ಷೇಪವನ್ನು ಮರೆಯಬಾರದು. ಹಳೆಯ ಸರ್ವರ್ ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ. ನಮ್ಮದನ್ನು ಮೀಟರಿಗೆ ಹಾಕಿ ಅಳೆದಾಗ ಸುಮ್ಮನಿದ್ದಾಗಲೂ ಸುಮಾರು 150 ವಾಟ್ ಎಳೆಯುತ್ತಿತ್ತು. ಹಗಲಿರುಳೂ ನಡೆದರೆ ದಿನಕ್ಕೆ 3.6 ಯೂನಿಟ್, ವರ್ಷಕ್ಕೆ 1,300 ಯೂನಿಟ್‌ಗೂ ಮೇಲೆ. 30 ವಾಟ್‌ನ ಹೊಸ ಚಿಕ್ಕ ಯಂತ್ರವಾದರೆ 263 ಯೂನಿಟ್ ಸಾಕು. ಈ ವ್ಯತ್ಯಾಸ ಬಿಲ್ಲಿನ ಮಾತಷ್ಟೇ ಆಗಿದ್ದರೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ನಾಡು ನಮ್ಮದು. ಇಲ್ಲಿ ಯೂನಿಟ್ ಎಂಬುದು ಬರಿಯ ಅಂಕಿಯಲ್ಲ.

ಆದ್ದರಿಂದ ನನ್ನ ಸಲಹೆ ಷರತ್ತುಬದ್ಧವಾದುದು. ದಿನವಿಡೀ ಉರಿಯಬೇಕಾದ ಕೆಲಸಕ್ಕೆ ಹಳೆಯ ಸರ್ವರ್ ತಕ್ಕುದಲ್ಲ. ಭಾರಿ ಲೆಕ್ಕಗಳಿರುವ ದಿನಗಳಲ್ಲಿ ಮಾತ್ರ ಅದನ್ನು ಚಾಲೂ ಮಾಡಿ ಸಂಜೆ ನಿಲ್ಲಿಸಬೇಕು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 150 ದಿನ ನಡೆದರೆ ಅದೇ 150 ವಾಟ್‌ನ ಲೆಕ್ಕದಲ್ಲಿ 180 ಯೂನಿಟ್. ಲೆಕ್ಕದ ಭರದಲ್ಲಿ ಅದು ಇನ್ನಷ್ಟು ಎಳೆದರೂ ಹಗಲಿರುಳು ನಡೆಸುವುದರ ಹತ್ತಿರಕ್ಕೂ ಬಾರದು. ಮೆಮೊರಿ ಹೆಚ್ಚಿಸುವುದರ ಲಾಭ ಇಲ್ಲಿಯೂ ಇದೆ: ರಾತ್ರಿಯಿಡೀ ಸ್ವಾಪ್ ಮಾಡುತ್ತ ತೆವಳುತ್ತಿದ್ದ ಕೆಲಸ ಹಗಲಿನಲ್ಲೇ ಮುಗಿದರೆ ಯಂತ್ರ ಬೇಗ ಮಲಗುತ್ತದೆ. ಹನ್ನೆರಡು ಚಿಕ್ಕ ಸ್ಟಿಕ್‌ಗಿಂತ ಆರು ದೊಡ್ಡ ಸ್ಟಿಕ್ ಮೇಲೆನ್ನುವುದೂ ಇದೇ ಕಾರಣಕ್ಕೆ; ಒಂದೊಂದು ಸ್ಟಿಕ್ಕೂ ಕೆಲವು ವಾಟ್ ಬೇಡುತ್ತದೆ.

ಕ್ಲೌಡ್ ಎಂಬುದು ಮೋಡವಲ್ಲ. ಇನ್ನೊಬ್ಬರ ಕಟ್ಟಡದಲ್ಲಿರುವ, ವಿದ್ಯುತ್ತು ಮತ್ತು ನೀರು ಕುಡಿಯುವ ಸರ್ವರ್. ನಮ್ಮ ದಾಖಲೆಗಳ ಒಂದು ಪ್ರತಿ ಅಲ್ಲಿರುವುದು ಜಾಣತನ, ಸಿಡಿಲಿನ ನಾಡಿನಲ್ಲಿ ಅದು ಅಗತ್ಯವೂ ಹೌದು. ಆದರೆ ಕೆಲಸವೆಲ್ಲ ಅಲ್ಲೇ ನಡೆಯಬೇಕೆಂದರೆ ತಿಂಗಳ ಬಾಡಿಗೆ ನಿಲ್ಲುವುದಿಲ್ಲ, ಮರ ಬಿದ್ದು ಕೇಬಲ್ ತುಂಡಾದ ಮಳೆಗಾಲದ ವಾರಗಳಲ್ಲಿ ನಮ್ಮದೇ ಮಳೆಯ ಲೆಕ್ಕ ನಮಗೆ ಸಿಗುವುದಿಲ್ಲ. ತಂತ್ರಾಂಶದ ಚಿಂತೆಯೂ ಬೇಡ: 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 ಲಿನಕ್ಸ್ ನಮ್ಮಂಥ ಹಳೆಯ 64 ಬಿಟ್ ಯಂತ್ರಗಳಲ್ಲಿಯೂ ನಡೆಯುತ್ತದೆ. ತಯಾರಕರಿಂದ ಈಗ ಬಯಾಸ್ ದುರಸ್ತಿ ಬಾರದ ಯಂತ್ರವಾದ್ದರಿಂದ ಅದನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡದೆ ಕಚೇರಿಯೊಳಗಿನ ಜಾಲದಲ್ಲಷ್ಟೇ ಇಡಬೇಕು.

ಏನು ಮಾಡೋಣ?

ಭಾರತದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಲ್ಲಿ ಹೊಸ ರೂಪ ಪಡೆದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳಲ್ಲಿ ಮರುಸಂಸ್ಕರಣೆ ಮಾಡುವವರಷ್ಟೇ ಅಲ್ಲದೆ ಹಳೆಯದನ್ನು ದುರಸ್ತಿ ಮಾಡಿ ಬಳಕೆಗೆ ಮರಳಿಸುವವರಿಗೂ ಪ್ರತ್ಯೇಕ ನೋಂದಣಿಯಿದೆ. ಕಾನೂನು ಬಾಗಿಲು ತೆರೆದಿದೆ. ಒಳಗೆ ಹೋಗುವ ಕೌಶಲ ನಮ್ಮ ಊರುಗಳಲ್ಲಿ ಬೆಳೆಯಬೇಕು.

ಒಕ್ಕೂಟದ ಮುಂದೆ ನಾನಿಡುವ ಸೂಚನೆಗಳು ಮೂರು. ಮೊದಲನೆಯದು, ಯಾವ ಸದಸ್ಯ ಸಂಸ್ಥೆಯೂ ಮೆಮೊರಿ, ಡಿಸ್ಕ್, ಧೂಳು ಈ ಮೂರನ್ನೂ ಪರೀಕ್ಷಿಸಿ ಬರೆದಿಡದೆ ಗಣಕಯಂತ್ರವನ್ನು ನಿರುಪಯುಕ್ತವೆಂದು ಘೋಷಿಸಬಾರದು. ಎರಡನೆಯದು, ನಮ್ಮ ಸರ್ವರ್‌ನ ಮೆಮೊರಿ ಬದಲಿಸುವ ಕೆಲಸವನ್ನು ಪೇಟೆಯ ಮೆಕ್ಯಾನಿಕ್‌ಗೆ ಒಪ್ಪಿಸದೆ, ಕಾಲೇಜು ವಿದ್ಯಾರ್ಥಿಗಳ ಒಂದು ದಿನದ ಶಿಬಿರವಾಗಿ ನಡೆಸಬೇಕು. ಮುಚ್ಚಳ ತೆರೆದು ನೋಡಿದ ಹುಡುಗಿಗೆ ಯಂತ್ರ ಮತ್ತೆಂದೂ ಮಂತ್ರವಾಗಿ ಕಾಣುವುದಿಲ್ಲ. ಮೂರನೆಯದು, ಹೊರತೆಗೆದ 2 ಜಿಬಿಯ ನಾಲ್ಕು ಸ್ಟಿಕ್‌ಗಳು ಗುಜರಿಗೆ ಹೋಗಬಾರದು. ಇನ್ನೊಂದು ಹಳೆಯ ಸರ್ವರ್‌ಗೆ ಅವು ಹೊಂದಬಹುದು. ಎಲ್ಲಿಯೂ ಹೊಂದದಿದ್ದರೆ ನೋಂದಾಯಿತ ಮರುಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು.

ಯಾವ ತೋಟದಲ್ಲಿ ಎಷ್ಟು ಮಳೆ ಬಿದ್ದ ಬಳಿಕ ಎಲೆಚುಕ್ಕಿ ಉಲ್ಬಣಿಸಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಅಂಕಿಗಳು ನಮ್ಮ ರೈತರ ಕೈಬರಹದಿಂದ ಬಂದವು. ಅವುಗಳನ್ನು ಅಳೆದು ತೂಗುವ ಶಕ್ತಿಯೂ ನಮ್ಮೂರಿನಲ್ಲೇ ಇರಬೇಕು. ಅದಕ್ಕೆ ಈಗ ಅಡ್ಡಿಯಾಗಿರುವುದು ಆರು ಸ್ಟಿಕ್‌ಗಳ ಕೊರತೆ ಮಾತ್ರ. ಮುಂದಿನ ಸಭೆಗೆ ಬರುವಾಗ ನಿಮ್ಮ ಶಾಲೆಯ, ಸೊಸೈಟಿಯ ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿರುವ ಯಂತ್ರದ ಮಾದರಿ ಸಂಖ್ಯೆಯನ್ನು ಬರೆದು ತನ್ನಿ. ಮಿಕ್ಕದ್ದನ್ನು ಮುಚ್ಚಳ ತೆರೆದು ನೋಡೋಣ.